ಮಾಸ್ತಿಕಟ್ಟೆಯಲ್ಲಿ ನೈಟ್ ಹಾಲ್ಟ್

ಒಂಬತ್ತೂ ಇಪ್ಪತ್ತಕ್ಕೆ ಕೊನೆಯ ಪ್ಯಾಸೆಂಜರ್ ಇಳಿದು
ಅವಳ ಟಾರ್ಚಿನ ಬೆಳಕೂ ತಿರುವಿನಾಚೆ ಹೋದ ಮೇಲೆ
ಬಸ್ಸೇ ನಮ್ಮ ಮನೆ.
ಬಾನೆಟ್ಟಿನಲ್ಲಿ ಇನ್ನೂ ದಾರಿಯ ಬಿಸಿ,
ಅದರ ಮೇಲೊಂದು ಟವೆಲು,
ಟವೆಲಿನ ಮೇಲೆ ಎಲೆ.

ಪೋಕರು ತಂದವನು ನಾನು.
ಮೊಬೈಲಿನಲ್ಲಿ ಕಲಿತು, ಅಲ್ಲೇ ಮೂರು ಸಾವಿರ ಕಳೆದು
ಬುದ್ಧಿ ಬಂದು ಬೆಂಕಿಕಡ್ಡಿಗೆ ಇಳಿದಿದ್ದೆ.
ತಲೆಗೆ ನೂರು ಕಡ್ಡಿ.
ಡ್ಯಾಮಿನ ವಾಚ್‌ಮನ್ ಶೇಷೋಜಿ ಬರುತ್ತಾರೆ,
ಪ್ರತಿ ಸಲ ಎಲೆ ನೋಡಿ, ನಿಟ್ಟುಸಿರಿಟ್ಟು, ಮಡಚುತ್ತಾರೆ;
ಅವರಿಗೆ ಬೇಕಾದ್ದು ಫ್ಲಾಸ್ಕಿನ ಚಾ.
ಎದುರಿಗೆ ಡ್ರೈವರ್ ಸಿಲ್ವೆಸ್ಟರಣ್ಣ,
ಇಪ್ಪತ್ತಾರು ವರ್ಷ ಹುಲಿಕಲ್ ಘಾಟಿ ಇಳಿದು ಹತ್ತಿದವರು.

"ಕೊನೆಯ ಎಲೆಗೆ ರಿವರ್ ಅಂತಾರೆ" ಎಂದಿದ್ದೆ ಮೊದಲ ದಿನ.
"ಹೊಳೆ ಅನ್ನು ಮಾರಾಯ, ನಾಲಿಗೆ ಉಳುಕೀತು."
ಅಂದಿನಿಂದ ಅದು ಹೊಳೆ.

ಆ ರಾತ್ರಿ ನನಗೆ ಎರಡು ರಾಜರು,
ಒಬ್ಬ ಇಸ್ಪೀಟು, ಒಬ್ಬ ಕಳಾವರು.
ರಾಜರು ಕೈಗೆ ಬಂದರೆ ಮನುಷ್ಯ ನಾಳೆಯನ್ನು ಮರೆಯುತ್ತಾನೆ.
ಹತ್ತು ಕಡ್ಡಿ ಹಾಕಿದೆ.
ಟವೆಲಿನ ಮೇಲೆ ಆಟಿನ್ ಒಂಬತ್ತು, ಆಟಿನ್ ನಾಲ್ಕು, ಡೈಮನ್ ರಾಣಿ.
ಹನ್ನೆರಡು ಹಾಕಿದೆ. ಅವರೂ ಹಾಕಿದರು.
ಕಳಾವರ್ ಎರಡು. ಇಪ್ಪತ್ತು ತಳ್ಳಿದೆ. ಅವರೂ ತಳ್ಳಿದರು,
ಎಣಿಸದೆ, ಕಿಟಕಿಯಾಚೆ ನೋಡುತ್ತ.

ಹೊಳೆ ಬಂತು: ಆಟಿನ್ ಏಳು.

ಸಿಲ್ವೆಸ್ಟರಣ್ಣ ಉಳಿದ ಐವತ್ತೆಂಟನ್ನೂ
ಅಂಗೈಯಲ್ಲಿ ಗುಡಿಸಿ ಮುಂದಿಟ್ಟರು.
ಈಗ ನಾನು ಯೋಚಿಸಲು ಶುರುಮಾಡಿದೆ.
ಈಗ!
ಮೂರು ಕೆಂಪು ಎಲೆ ಕಣ್ಣೆದುರು ಬಿದ್ದ ಮೇಲೆ,
ಹಾವು ಗದ್ದೆಯಾಚೆ ಸರಿದ ಮೇಲೆ ಕೋಲು ಹುಡುಕಿದ ಹಾಗೆ.
ಕಾಲು ಗಂಟೆ ಬೆವರಿ
ರಾಜರನ್ನು ಬೋರಲು ಹಾಕಿದೆ.

ಅವರು ತೋರಿಸಿದ್ದು ಇಸ್ಪೀಟ್ ಎಂಟು, ಇಸ್ಪೀಟ್ ಹತ್ತು.
ಒಂದೂ ಆಟಿನ್ ಇಲ್ಲ. ಒಂದು ಜೋಡಿಯೂ ಇಲ್ಲ.
ಶೇಷೋಜಿಗೆ ಚಾ ನೆತ್ತಿಗೇರಿತು.

"ನೋಡು, ಮೊದಲ ಮೂರು ಎಲೆ ಬಿದ್ದಾಗಲೇ
ನನ್ನ ಕೆಲಸ ಮುಗಿದಿತ್ತು.
ಗುಲಾಮ ಬಂದರೆ ನಿಜವಾಗಿ ನನ್ನದು.
ಆಟಿನ್ ಬಂದರೆ ಸುಳ್ಳಾಗಿ ನನ್ನದು.
ಎರಡೂ ಬರಲಿಲ್ಲವೋ, ಎಲೆ ಮಡಚಿ ಕಂಬಳಿ ಹೊದೆಯುವುದು.
ಗೇರು ಬದಲಿಸುವುದು ತಿರುವಿನಲ್ಲಲ್ಲ,
ತಿರುವಿಗೆ ಮೊದಲು."

ಬೆಳಿಗ್ಗೆ ಆರೂ ಹತ್ತಕ್ಕೆ ಕುಂದಾಪುರದ ಬೋರ್ಡು.
ಘಾಟಿಯ ಗುಡಿಯೆದುರು ಒಂದು ರೂಪಾಯಿ ಎಸೆದು
ಎದೆಯ ಮೇಲೆ ಶಿಲುಬೆಯನ್ನೂ ಗೀಚಿಕೊಂಡರು;
ಅಲ್ಲೂ ಎರಡು ದಾರಿ ಇಟ್ಟುಕೊಂಡ ಮನುಷ್ಯ.
ಮಂಜು, ಮಂಜಿನಲ್ಲಿ ಏನೂ ಇಲ್ಲ,
ಆದರೂ ಹಾರ್ನು, ಆದರೂ ಎಡಕ್ಕೆ ಒಂದು ಗೇಣು.
ಆಮೇಲೆ ಬಂತು ಟ್ಯಾಂಕರು,
ನಾವು ಅದಕ್ಕೆಂದು ಆಗಲೇ ಬಿಟ್ಟಿದ್ದ ಜಾಗದಲ್ಲಿ ಹಾದು ಹೋಯಿತು.
ಹೆಂಗಸರಿಗೆ ಸೊನ್ನೆ ಟಿಕೆಟ್ ಹರಿಯುತ್ತಿದ್ದ ನಾನು
ಕಂಬಿ ಹಿಡಿದು ನಿಂತೆ, ಐನೂರರ ನೋಟು ಚಾಚಿದವನಿಗೆ
ಚಿಲ್ಲರೆ ಕೊಡುವುದನ್ನೂ ಮರೆತು.

ಮರುರಾತ್ರಿ ನಾನು ಬೇರೆ ಮನುಷ್ಯ.
ಹಾಕುವ ಪ್ರತಿ ಕಡ್ಡಿಗೂ ಮುಂದಿನ ಎರಡು ಎಲೆಯ ಲೆಕ್ಕ.
ಮತ್ತೆ ಹೊಳೆಯಲ್ಲಿ ಆಟಿನ್.
ಮತ್ತೆ ಅವರ ಅಂಗೈ ಎಲ್ಲವನ್ನೂ ಗುಡಿಸಿತು.
ನಾನು ನಗುತ್ತಲೇ ಇದ್ದೆ.
ಇದು ಬಂದರೆ ಹೀಗೇ ಮಾಡುತ್ತಾರೆಂದು ಗೊತ್ತಿತ್ತು,
ಬಿಡುವುದಿಲ್ಲವೆಂದು ಮೊದಲೇ ತೀರ್ಮಾನಿಸಿದ್ದೆ,
ಕಣ್ಣು ಮಿಟುಕಿಸದೆ ನೂರನ್ನೂ ಇಟ್ಟೆ.

ಆಟಿನ್ ಎಕ್ಕ. ಆಟಿನ್ ಆರು.
ನಿಜವಾದ ಕೆಂಪು, ಎರಡೂ.

"ನಿನ್ನೆ ಎಲೆ ಯಾಕೆ ತೋರಿಸಿದೆ ಅಂದುಕೊಂಡೆ?" ಎಂದು
ನನ್ನ ರಾಶಿಯಿಂದ ಒಂದು ಕಡ್ಡಿ ತೆಗೆದು, ಗೀರಿ,
ಬೀಡಿ ಹಚ್ಚಿಕೊಂಡರು ಸಿಲ್ವೆಸ್ಟರಣ್ಣ.